ಲೈಸೆನ್ಸಿನ ಮೇಲೆ ಇಳಿದ ಮೆಸೇಜು

ಲೈಸೆನ್ಸ್ ಮೊಬೈಲಿನಲ್ಲೇ ಇದ್ದುದರಿಂದ ಸೊಸೆ ಕಾರಿನ ಕಿಟಕಿಯಿಂದ ಮೊಬೈಲನ್ನೇ ಪೊಲೀಸಪ್ಪನ ಕೈಗಿತ್ತಳು. ಹಿಂದಿನ ಸೀಟಿನಲ್ಲಿ ಅತ್ತೆ ಕೂತಿದ್ದರು. ಅವನು ರೇಡಿಯೊ ವಾರ್ತೆಯವರ ಗತ್ತಿನಲ್ಲಿ ಅವಳ ಹೆಸರು, ವಿಳಾಸ ಓದತೊಡಗಿದ. ಅಷ್ಟರಲ್ಲಿ ಲೈಸೆನ್ಸಿನ ಮೇಲೆ ಮೆಸೇಜೊಂದು ಇಳಿಯಿತು. ಓದುವ ಭರದಲ್ಲಿ ಅದನ್ನೂ ಓದಿಬಿಟ್ಟ: "ಮೇಡಂ, ಬಾಡಿಗೆ ಮನೆ ನಿಮಗೇ ಕೊಡ್ತೀನಿ. ಇರೋದು ನೀವೊಬ್ರೇ ತಾನೆ?"

ನಾಲಿಗೆ ಕಚ್ಚಿಕೊಂಡು ಮೊಬೈಲು ವಾಪಸು ಕೊಟ್ಟ. "ಎಲ್ಲಾ ಸರಿಯಾಗಿದೆ, ಹೊರಡಿ."

ಮನೆ ಬಿಡುವ ವಿಷಯ ಅವಳು ಗಂಡನಿಗೂ ಹೇಳಿರಲಿಲ್ಲ. ಅಳುವೂ ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಸ್ಟೀರಿಂಗ್ ಹಿಡಿದ ಕೈ ಬೇರೆ ಯಾರದೋ ಅನ್ನಿಸಿತು. ಗೇರು ಹಾಕಿದಳು.

ಅತ್ತೆ ಹಿಂದಿನಿಂದ ಮುಂದಕ್ಕೆ ಬಾಗಿ ಕೇಳಿದರು: "ನನ್ನ ಮಗನಿಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?"

"ನೀವೇ ಹೇಳಿ ಅತ್ತೆ," ಎಂದಳು. "ನಾನು ರಸ್ತೆ ನೋಡ್ಬೇಕು."