ಹಸನಸಾಬರ ಸಹಿ

ನಾನು ಎರಡು ಪ್ರೊಪೆಲ್ಲರಿನ ಒಂದು ವಿಮಾನ. ಹುಟ್ಟಿದ್ದು ಕಡಲಾಚೆಯ ಚಳಿದೇಶವೊಂದರ ಕಾರ್ಖಾನೆಯಲ್ಲಿ. ದೊಡ್ಡದೇನಲ್ಲ, ಈಗಿನ ಜೆಟ್ ವಿಮಾನಗಳ ಪಕ್ಕ ನಿಲ್ಲಿಸಿದರೆ ಎಮ್ಮೆಯ ಪಕ್ಕ ನಿಂತ ಆಡಿನ ಹಾಗೆ ಕಾಣುತ್ತಿದ್ದೆ. ನನ್ನ ಮೈಯ ತಗಡಿಗೆ ರಿವೆಟ್ಟು ಮೊಳೆ ಬಡಿದವರಲ್ಲಿ ಹೆಚ್ಚಿನವರು ಹೆಂಗಸರು. ಒಬ್ಬಳು ಒಳಗೆ ಕುಕ್ಕರಗಾಲಲ್ಲಿ ಕೂತು ಕಬ್ಬಿಣದ ತುಂಡನ್ನು ಒತ್ತಿ ಹಿಡಿಯುವಳು, ಇನ್ನೊಬ್ಬಳು ಹೊರಗಿನಿಂದ ಬಡಿಯುವಳು. ಒಬ್ಬರ ಮುಖ ಒಬ್ಬರಿಗೆ ಕಾಣದು. ಆದರೂ ಒಂದು ಪೆಟ್ಟೂ ತಪ್ಪುತ್ತಿರಲಿಲ್ಲ.

ಮೊದಲ ಹತ್ತೊಂಬತ್ತು ವರ್ಷ ನಾನು ಜನರನ್ನು ಹೊತ್ತೆ. ಒಮ್ಮೆಗೆ ನಲವತ್ತು ಮಂದಿ. ಮಕ್ಕಳು ಕಿಟಕಿಗೆ ಮೂಗು ಒತ್ತಿ ಕೂರುತ್ತಿದ್ದರು, ಗಾಜಿನ ಮೇಲೆ ಅವರ ಉಸಿರಿನ ಮಂಜು ಕಟ್ಟುತ್ತಿತ್ತು. ಆಮೇಲೆ ನನ್ನನ್ನು ಮಾರಿದರು. ಕೊಂಡವರು ನನ್ನ ಸೀಟುಗಳನ್ನೆಲ್ಲ ಕಿತ್ತು, ಕಿಟಕಿಗಳಿಗೆ ತಗಡು ಜಡಿದು, ಪಕ್ಕೆಯಲ್ಲಿ ಅಗಲವಾದ ಬಾಗಿಲು ಕೊರೆದರು. ನೆಲದ ಉದ್ದಕ್ಕೂ ಅಲ್ಯೂಮಿನಿಯಮ್ಮಿನ ಹಳಿಗಳನ್ನು ಕೂರಿಸಿದರು. ಸರಕಿಗೆ ಬಿಗಿದ ಪಟ್ಟಿಗಳ ಕೊಂಡಿ ಸಿಕ್ಕಿಸುವುದು ಆ ಹಳಿಗೆ. ಅಂದಿನಿಂದ ನಾನು ಸರಕು ವಿಮಾನವಾದೆ. ಆ ಕಂಪನಿಯೂ ಮುಳುಗಿತು. ಯಾವುದೋ ನಿಲ್ದಾಣದ ಮೂಲೆಯಲ್ಲಿ ಎರಡು ವರ್ಷ ಬಿಸಿಲು ಕಾಯುತ್ತ ನಿಂತೆ. ಗಾಲಿಯ ಸಂದಿಯಲ್ಲಿ ಅಳಿಲು ಗೂಡು ಕಟ್ಟಿತ್ತು.

ಅಲ್ಲಿಂದ ನನ್ನನ್ನು ಎಬ್ಬಿಸಿ ಬೆಳಗಾವಿಗೆ ತಂದವರು ವಜ್ರಕುಮಾರ ಮಗದುಮ್. ಅಪ್ಪನ ಕಾಲದಿಂದ ಲಾರಿ ಇಟ್ಟುಕೊಂಡಿದ್ದ ಮನೆತನ. ಲಾರಿ ಹೋಗುವ ಕಡೆಗೆಲ್ಲ ವಿಮಾನವೂ ಹೋಗಬೇಕೆಂಬುದು ಅವರ ಹುಚ್ಚು. ನಾನು ಮತ್ತು ನನ್ನಂಥದೇ ಇನ್ನೊಂದು, ಎರಡೇ ವಿಮಾನ. ಕಂಪನಿಯ ಹೆಸರು ಪಡುವಣ ಏರ್ ಕಾರ್ಗೋ. ಹೆಸರನ್ನು ಬಾಲದ ಮೇಲೆ ಬರೆಸಿದ ದಿನ ಮಗದುಮ್ಮರು ಏಣಿ ಹತ್ತಿ, ಒಣಗದ ಬಣ್ಣ ಮುಟ್ಟಿ, ಬೆರಳೆಲ್ಲ ನೀಲಿ ಮಾಡಿಕೊಂಡು ಇಳಿದರು.

ನನ್ನನ್ನು ನೋಡಿಕೊಳ್ಳಲು ಬಂದವರು ಹಸನಸಾಬ ಕಿತ್ತೂರ. ವಾಯುಸೇನೆಯಲ್ಲಿ ವಿಮಾನ ರಿಪೇರಿ ಕಲಿತು, ನಿವೃತ್ತರಾದ ಮೇಲೆ ಪರೀಕ್ಷೆ ಕಟ್ಟಿ ಎಂಜಿನಿಯರ್ ಲೈಸೆನ್ಸು ಪಡೆದವರು. ಅವರು ನನ್ನ ತಪಾಸಣೆಯ ಪುಸ್ತಕದಲ್ಲಿ ಸಹಿ ಹಾಕದೆ ನಾನು ಒಂದು ಗೇಣೂ ಕದಲುವಂತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ನನ್ನ ಎಂಜಿನ್ನಿಗೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ವೈದ್ಯರು ಎದೆಬಡಿತ ಕೇಳುವ ಹಾಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಇಷ್ಟು ವರ್ಷಗಳಲ್ಲಿ ನನ್ನ ಮಾತನ್ನು ಕೇಳಿಸಿಕೊಂಡ ಮನುಷ್ಯ ಅವರೊಬ್ಬರೇ.

ನನ್ನನ್ನು ಹಾರಿಸುತ್ತಿದ್ದವಳು ಕ್ಯಾಪ್ಟನ್ ಶಾಲ್ಮಲಾ ಅಂಗಡಿ, ಧಾರವಾಡದ ಹುಡುಗಿ. ತರಬೇತಿ ಮುಗಿಸಿ ನಾಲ್ಕು ವರ್ಷ ಕೆಲಸ ಸಿಗದೆ ಅಲೆದವಳಿಗೆ ಮೊದಲು ಸೀಟು ಕೊಟ್ಟವರು ಮಗದುಮ್ಮರು. ಒಮ್ಮೆ ಒಂದು ದಿನದ ಕೋಳಿಮರಿಗಳನ್ನು ಸಾಗಿಸುವಾಗ ಡಬ್ಬಿಯೊಂದರ ಮುಚ್ಚಳ ಬಿಚ್ಚಿಕೊಂಡು, ಮರಿಗಳು ನನ್ನ ನೆಲದ ತುಂಬ ಹರಡಿದವು. ಇಳಿಯುವಾಗ ಒಂದು ಮರಿ ಅವಳ ಮಡಿಲಲ್ಲೇ ಇತ್ತು.

"ಚಾಚಾ, ಇವತ್ತ ಪ್ಯಾಸೆಂಜರ್ ಫ್ಲೈಟ್ ಹೊಡದೀನಿ ನೋಡ್ರಿ," ಎಂದು ಅದನ್ನು ಹಸನಸಾಬರ ಅಂಗೈಗೆ ಇಟ್ಟಳು. ಅವರು ನಗುವುದು ಅಪರೂಪ. ಆವತ್ತು ನಕ್ಕರು.

ಐದು ವರ್ಷ ಹೀಗೇ ನಡೆಯಿತು. ಹೂವು, ಔಷಧಿ, ಯಂತ್ರದ ಬಿಡಿಭಾಗ, ಏನು ಸಿಕ್ಕರೆ ಅದು. ಆಮೇಲೆ ದೊಡ್ಡ ಕಂಪನಿಗಳ ಜೆಟ್ಟುಗಳು ಊರಿಗೆ ಬರತೊಡಗಿದವು. ಮೇಲೆ ಜನ, ಕೆಳಗೆ ಹೊಟ್ಟೆಯಲ್ಲಿ ಸರಕು. ನಮ್ಮ ಹೂವು, ನಮ್ಮ ಔಷಧಿ ಅವುಗಳ ಹೊಟ್ಟೆಗೆ ಹೋದವು. ನಮ್ಮ ಪೈಲಟ್ಟುಗಳೂ ಒಬ್ಬೊಬ್ಬರಾಗಿ ಅತ್ತ ಹೋದರು. ನನ್ನ ಜೊತೆಯ ವಿಮಾನದ ಎಂಜಿನ್ನು ದುರಸ್ತಿಗೆಂದು ಹೊರದೇಶಕ್ಕೆ ಹೋದದ್ದು ಮರಳಿ ಬರಲೇ ಇಲ್ಲ. ಅದು ನಿಂತಲ್ಲೇ ನಿಂತಿತು. ನನ್ನ ಟೈರು ಸವೆದರೆ ಅದರ ಟೈರು, ನನ್ನ ದೀಪ ಕೆಟ್ಟರೆ ಅದರ ದೀಪ. ಬದುಕಿರುವವಳಿಗಾಗಿ ಸತ್ತ ತಂಗಿಯ ಮೈಮೇಲಿನದನ್ನು ಒಂದೊಂದಾಗಿ ಬಿಚ್ಚಿದಂತೆ ನನಗೆ ಅನ್ನಿಸುತ್ತಿತ್ತು. ಶಾಲ್ಮಲಾ ಮಾತ್ರ ಉಳಿದಳು. ದೊಡ್ಡ ಕಂಪನಿಯವರು ಕರೆಯದೆ ಇರಲಿಲ್ಲ ಅವಳನ್ನು. "ನಾನೂ ಹೋದ್ರ ಬಾಗಲಾ ಹಾಕ್ಕೊಂಡ ಹೋದಂಗ ಆಕ್ಕೈತಿ" ಎನ್ನುತ್ತಿದ್ದಳು.

ಆ ವರ್ಷದ ದಸರೆಯ ನಂತರ ಹಸನಸಾಬರು ಟಾರ್ಚು ಹಿಡಿದು ನನ್ನ ನೆಲದ ಮೇಲೆ ಬೋರಲು ಮಲಗಿ ಹಳಿಗಳನ್ನು ಉಗುರಿನಿಂದ ತಡವುತ್ತ ಬಂದರು. ಬಾಲದ ಕಡೆ, ಎಡಗಡೆಯ ಹಳಿಯಲ್ಲಿ, ಅವರ ಉಗುರು ಸಿಕ್ಕಿಕೊಂಡಿತು. ಒಂದು ಗೇಣು ಉದ್ದದ ಬಿರುಕು. ನನಗದು ಮೊದಲೇ ಗೊತ್ತಿತ್ತು. ಪ್ರತಿ ಸಲ ನೆಲ ಬಿಡುವಾಗ ಅಲ್ಲಿ ಚುಳ್ಳೆನ್ನುತ್ತಿತ್ತು. ಹೇಳಲು ಬಾಯಿರಲಿಲ್ಲ.

ಆ ಹಳಿಯ ತುಂಡು ನನ್ನ ಜೊತೆಯ ವಿಮಾನದಲ್ಲಿ ಸಿಗುತ್ತಿರಲಿಲ್ಲ, ಅದರದ್ದನ್ನು ಹಿಂದಿನ ವರ್ಷವೇ ತೆಗೆದು ನನ್ನ ಬಲಗಡೆ ಹಾಕಿಯಾಗಿತ್ತು. ಹಸನಸಾಬರು ಹೊಸದು ತರಿಸಬೇಕೆಂದು ಬರೆದುಕೊಟ್ಟರು. ಹದಿನೈದು ದಿನ ಬಿಟ್ಟು ಮತ್ತೆ ಬರೆದುಕೊಟ್ಟರು. ಮೂರನೇ ಸಲ ಚೀಟಿ ಕೊಡುವಾಗ ಮಗದುಮ್ಮರು ನನ್ನ ರೆಕ್ಕೆಯ ನೆರಳಲ್ಲೇ ನಿಂತಿದ್ದರು.

"ಹೇಳಿ ಕಳಿಸೀನಿ ಹಸನಭಾಯ್. ಈ ಮಾಡೆಲ್ಲಿನ ಸಾಮಾನು ಮಾಡೂದು ಬಿಟ್ಟಾರಂತ. ಹುಡಿಕ್ಯಾಡಾಕತ್ತಾರ."

"ಅಲ್ಲೀತನಕ ಹಿಂದಿನ ಭಾಗದಾಗ ಭಾರ ಇಡಬಾರದ್ರಿ ಸಾಹೇಬ್ರ."

"ಇಡೂದಿಲ್ಲ, ಬಿಡ್ರಿ."

ಕೆಲವು ದಿನ ಇಡಲಿಲ್ಲ. ಹಗುರ ಸರಕಷ್ಟೇ ಬರುತ್ತಿತ್ತು. ಹಾಗಿರುವಾಗ ಪೂರ್ವ ಕರಾವಳಿಗೆ ಚಂಡಮಾರುತ ಬಡಿಯಿತು. ಅಲ್ಲಿಯ ಒಂದು ಊರಿನ ಆಸ್ಪತ್ರೆಯ ನೆಲಮಾಳಿಗೆಗೆ ನೀರು ನುಗ್ಗಿ ಕರೆಂಟು ಹೋಗಿತ್ತು. ನೀರೆತ್ತುವ ದೊಡ್ಡ ಪಂಪುಗಳು ಬೆಳಗಾವಿಯ ಕಾರ್ಖಾನೆಯೊಂದರಲ್ಲಿ ತಯಾರಿದ್ದವು. ಆರು ಪಂಪು. ಲಾರಿಯಲ್ಲಿ ಹೋದರೆ ರಸ್ತೆ ಕೊಚ್ಚಿಹೋದಲ್ಲೆಲ್ಲ ಸುತ್ತು ಹಾಕಿ ಎರಡು ದಿನ. ನಾನು ಹೋದರೆ ಎರಡೂವರೆ ಗಂಟೆ.

ಬೆಳಿಗ್ಗೆ ಏಳಕ್ಕೆ ಪಂಪುಗಳು ಬಂದವು. ನಾಲ್ಕನ್ನು ಮುಂದೆ ಕೂರಿಸಬಹುದಿತ್ತು. ಉಳಿದೆರಡಕ್ಕೆ ಹಿಂದೆಯೇ ಜಾಗ.

"ನಾಕ ಒಯ್ಯೋಣ್ರಿ. ಎರಡ ಆಮ್ಯಾಲ," ಎಂದರು ಹಸನಸಾಬರು.

ಮಗದುಮ್ಮರ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. "ಹಸನಭಾಯ್, ಆರೂ ಬೇಕಂತಾರ. ಇಲ್ಲಂದ್ರ ಬ್ಯಾರೆಯವರನ್ನ ಕೇಳ್ತಾರ. ಇದೊಂದ ಕೆಲಸ ಚೊಲೋ ಆದ್ರ ಸರಕಾರದ ಮಂದಿ ನಮ್ಮ ಹೆಸರ ನೆನಪಿಟ್ಟಕೋತಾರ. ಅಲ್ಲೆ ದವಾಖಾನ್ಯಾಗ ಪೇಷಂಟ್ ಅದಾರ. ನೀವ ಏನರ ಮಾಡ್ರಿ."

ಕೊನೆಯ ಮಾತು ಹಸನಸಾಬರಿಗೆ ತಾಗಿತು. ಅವರು ಎರಡು ಸರಪಳಿ ತಂದು ಹಿಂದಿನ ಪಂಪುಗಳನ್ನು ಬಲಗಡೆಯ ಗಟ್ಟಿ ಹಳಿಗೆ ಅಡ್ಡಡ್ಡ ಬಿಗಿದರು. ಎಳೆದು ನೋಡಿದರು, ಒದ್ದು ನೋಡಿದರು. ಆದರೂ ಅರ್ಧ ಭಾರ ಬಿದ್ದದ್ದು ಎಡಗಡೆಯ ಬಿರುಕಿನ ಮೇಲೇ. ಅವರು ಸುಮಾರು ಹೊತ್ತು ಪೆನ್ನು ಹಿಡಿದುಕೊಂಡು ನನ್ನ ಬಾಗಿಲಲ್ಲಿ ಕೂತಿದ್ದರು. ಆಮೇಲೆ ಸಹಿ ಹಾಕಿದರು.

ಶಾಲ್ಮಲಾ ಪುಸ್ತಕ ತೆಗೆದುಕೊಳ್ಳುತ್ತ ಸರಪಳಿಗಳನ್ನು ನೋಡಿದಳು. "ಗಟ್ಟಿ ಐತಿಲ್ರಿ ಚಾಚಾ?"

"ಐತವಾ. ಗಟ್ಟಿ ಐತಿ."

ಅವಳು ಮತ್ತೇನೂ ಕೇಳಲಿಲ್ಲ. ಅವರು ಹೇಳಿದ ಮೇಲೆ ಅವಳು ಯಾವತ್ತೂ ಎರಡನೇ ಸಲ ಕೇಳಿದವಳಲ್ಲ. ಪಕ್ಕದ ಸೀಟಿನಲ್ಲಿ ಕಾರವಾರದ ಸಹಪೈಲಟ್ ರಾಬಿನ್ ಗೊನ್ಸಾಲ್ವಿಸ್ ಕೂತ. ನಾನು ಓಡಿದೆ, ಮೂತಿ ಎತ್ತಿದೆ. ನೆಲ ಬಿಟ್ಟು ತೆಂಗಿನಮರದಷ್ಟು ಎತ್ತರ ಹೋಗಿರಬಹುದು, ಎಡಗಡೆಯ ಹಳಿ ಹಲ್ಲು ಕಿತ್ತಂತೆ ನೆಲದಿಂದ ಕಿತ್ತುಬಂತು. ಒಂದು ಪಂಪು ಬಾಲಕ್ಕೆ ಜಾರಿತು. ಅದರ ಹಿಂದೆಯೇ ಇನ್ನೊಂದು. ಸರಪಳಿ ತುಂಡಾದ ಸದ್ದು ನನಗೆ ಕೇಳಿಸಿತು. ಬಾಲ ಭಾರವಾಗಿ ನನ್ನ ಮೂತಿ ಆಕಾಶಕ್ಕೆ ನೆಟ್ಟಗಾಯಿತು. ಶಾಲ್ಮಲಾ ಎರಡೂ ಕೈಯಿಂದ, ಎದೆಯಿಂದ, ಇಡೀ ಮೈಯಿಂದ ಹಿಡಿಕೆಯನ್ನು ಮುಂದಕ್ಕೆ ಒತ್ತುತ್ತಿದ್ದಳು. ಅವಳು ಎಷ್ಟು ಒತ್ತಿದಳೆಂಬುದು ನನಗೆ ಗೊತ್ತು. ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ. ರೆಕ್ಕೆಯ ಕೆಳಗಿನ ಗಾಳಿ ಸತ್ತುಹೋಗಿತ್ತು. ನಿಲ್ದಾಣದ ಗೋಡೆಯಾಚೆಯ ಕಡಲೆ ಹೊಲದಲ್ಲಿ ಬಿದ್ದೆ.

ಮೊದಲು ಓಡಿಬಂದವರು ಹಸನಸಾಬರು. ರಾಬಿನ್‌ನನ್ನು ಎಳೆದು ಹೊರಹಾಕಿದರು. ಮತ್ತೆ ಒಳಗೆ ನುಗ್ಗಿದರು. ಅಷ್ಟರಲ್ಲಿ ಬೆಂಕಿ ಹತ್ತಿತ್ತು. ಅಗ್ನಿಶಾಮಕದವರು ಅವರನ್ನು ಸೊಂಟಕ್ಕೆ ಕೈಹಾಕಿ ಎಳೆದು ತಂದಾಗ ಎರಡೂ ಅಂಗೈಗಳ ಚರ್ಮ ಹೋಗಿತ್ತು. "ಶಾಲವ್ವಾ, ಶಾಲವ್ವಾ" ಎಂದು ಕೂಗುತ್ತಲೇ ಇದ್ದರು. ಅವಳು ಒಳಗೇ ಉಳಿದಳು.

ಪಂಪುಗಳ ಬದಲಿಗೆ ಕಾರ್ಖಾನೆಯವರು ಬೇರೆ ಪಂಪುಗಳನ್ನು ಲಾರಿಯಲ್ಲಿ ಕಳಿಸಿದರು. ಮೂರನೇ ದಿನ ಮುಟ್ಟಿದವಂತೆ. ಅಲ್ಲಿಯ ರೋಗಿಗಳನ್ನು ಅಷ್ಟರಲ್ಲಿ ದೋಣಿಯಲ್ಲಿ ಬೇರೆ ಆಸ್ಪತ್ರೆಗೆ ಸಾಗಿಸಿಯಾಗಿತ್ತು. ಒಬ್ಬರಿಗೂ ಏನೂ ಆಗಿರಲಿಲ್ಲ.

ನನ್ನ ಉಳಿಕೆಗಳನ್ನು ಒಂದು ಶೆಡ್ಡಿನ ನೆಲದ ಮೇಲೆ, ಮೊದಲು ಇದ್ದ ಆಕಾರದಲ್ಲೇ ಜೋಡಿಸಿಟ್ಟರು. ತನಿಖೆ ನಡೆಯಿತು. ಬಾಲದ ಕಡೆಯ ನೆಲವೆಲ್ಲ ಕರಗಿ ಗಟ್ಟಿಯಾಗಿತ್ತು. ಬಿರುಕಿದ್ದ ಜಾಗದಲ್ಲಿ ಬೂದಿಬಣ್ಣದ ಮುದ್ದೆಯಿತ್ತು, ಅಷ್ಟೆ. ರಾಬಿನ್ ಬದುಕಿದ, ಆದರೆ ಆ ಬೆಳಗಿನ ಒಂದು ಕ್ಷಣವೂ ಅವನ ನೆನಪಿನಲ್ಲಿ ಉಳಿದಿರಲಿಲ್ಲ. ಮೂತಿಯನ್ನು ಪೈಲಟ್ ಅತಿಯಾಗಿ ಎತ್ತಿದ್ದರಿಂದ ಸರಕು ಜಾರಿತು ಎಂದು ಪತ್ರಿಕೆಗಳು ಬರೆದವು. ಹೆಣ್ಣುಮಗಳ ಕೈಗೆ ವಿಮಾನ ಕೊಟ್ಟರೆ ಹೀಗೇ ಎಂದು ಶೆಡ್ಡಿನ ಕಾವಲುಗಾರರೂ ಆಡಿಕೊಂಡರು.

ಒಂದು ಮಧ್ಯಾಹ್ನ ಮಗದುಮ್ಮರು ಹಸನಸಾಬರನ್ನು ಶೆಡ್ಡಿಗೆ ಕರೆದುಕೊಂಡು ಬಂದರು.

"ಮೂವತ್ತ ಮಂದಿ ಮನಿ ಅದಾವ ಹಸನಭಾಯ್. ನಿಮ್ಮದೂ ಸೇರಿ. ಹಳಿ ಚೊಲೋ ಇತ್ತು ಅಂದಬಿಡ್ರಿ. ಹೋದಾಕಿ ಅಂತೂ ಹೊಳ್ಳಿ ಬರೂದಿಲ್ಲ."

ಹಸನಸಾಬರ ಅಂಗೈಗಳಿಗೆ ಇನ್ನೂ ಬ್ಯಾಂಡೇಜಿತ್ತು. ಅವರು ಕರಗಿದ ಮುದ್ದೆಯ ಹತ್ತಿರ ಕೂತಿದ್ದರು.

"ಆಕೀ ಹೆಸರರ ಉಳೀಲಿ ಸಾಹೇಬ್ರ," ಎಂದರು. ಮಗದುಮ್ಮರು ಮುಖ ಮುಚ್ಚಿಕೊಂಡು ಅತ್ತರು. ಕೆಟ್ಟ ಮನುಷ್ಯರಲ್ಲ ಅವರು. ಅಂದು ಅವರು ಕೇಳಿದ್ದು ಕೆಟ್ಟದ್ದನ್ನು.

ಮರುದಿನ ತನಿಖೆಯ ಅಧಿಕಾರಿ ಬಂದರು, ಮೈಸೂರು ಕಡೆಯವರು. ಹಸನಸಾಬರು ನನ್ನ ಪಕ್ಕದಲ್ಲಿ ನಿಂತು ಎಲ್ಲವನ್ನೂ ಹೇಳಿದರು. ಬಿರುಕು ಎಲ್ಲಿತ್ತು, ಎಷ್ಟುದ್ದ ಇತ್ತು, ಸರಪಳಿ ಹೇಗೆ ಬಿಗಿದರು. ಮೂರು ಚೀಟಿಗಳ ನಕಲನ್ನು ಮುಂದಿಟ್ಟರು.

"ಇಷ್ಟೆಲ್ಲ ಗೊತ್ತಿದ್ದೂ ಸಹಿ ಹಾಕಿದಿರಾ?" ಅಧಿಕಾರಿ ಕೇಳಿದರು.

"ಹಾಕೀನ್ರಿ."

"ಯಾರಾದರೂ ಒತ್ತಾಯ ಮಾಡಿದರಾ?"

ಹಸನಸಾಬರು ಹೇಳಿದರು: "ಮಾಲಕರು ಕೇಳಿದ್ರು. ಆದ್ರ ಪೆನ್ನು ನನ್ನ ಕೈಯಾಗ ಇತ್ತು. ಆ ಹುಡಿಗಿ ಗಟ್ಟಿ ಐತೇನಂತ ನನ್ನ ಕೇಳಿದ್ಲು. ಐತಿ ಅಂತ ನಾನ ಹೇಳೀನಿ. ಆಕೀದು ಏನೂ ತಪ್ಪಿಲ್ರಿ. ಇದನ್ನ ದೊಡ್ಡ ಅಕ್ಷರದಾಗ ಬರಕೋರಿ."

ಲೈಸೆನ್ಸು ಹೋಯಿತು. ಅವರ ಮೇಲೂ ಮಗದುಮ್ಮರ ಮೇಲೂ ಕೇಸಾಯಿತು. ಪಡುವಣ ಮುಚ್ಚಿತು. ಕೆಲಸ ಕಳೆದುಕೊಂಡವರಲ್ಲಿ ಕೆಲವರು ಹಸನಸಾಬರನ್ನು ಮಾತಾಡಿಸುವುದನ್ನೇ ಬಿಟ್ಟರು. ಅವರೀಗ ಊರಲ್ಲಿ ಮಿಕ್ಸರ್, ಗ್ರೈಂಡರ್ ರಿಪೇರಿ ಮಾಡುತ್ತಾರಂತೆ. ಬೆರಳುಗಳು ಪೂರ್ತಿ ಮಡಚುವುದಿಲ್ಲ.

ನನ್ನನ್ನು ತಂದು ನಿಲ್ದಾಣದ ಹಿಂದಿನ ಹುಲ್ಲಿನಲ್ಲಿ ಹಾಕಿದರು. ಒಂದು ರೆಕ್ಕೆ, ಅರ್ಧ ಹೊಟ್ಟೆ, ಮೂತಿಯ ತುಣುಕು. ಗುಜರಿಯವರಿಗೆ ಕೊಡುವ ಮುನ್ನ ಶಾಲ್ಮಲಾಳ ತಾಯಿ ಗೌರಮ್ಮ ಒಮ್ಮೆ ನೋಡಬೇಕೆಂದರಂತೆ. ತನಿಖೆಯ ವರದಿ ಆಗ ಹೊರಬಿದ್ದಿತ್ತು. ಗೌರಮ್ಮ ಶಾಲೆಯಲ್ಲಿ ಟೀಚರಾಗಿದ್ದವರು. ಧಾರವಾಡದಿಂದ ಬಸ್ಸಿನಲ್ಲಿ ಒಬ್ಬರೇ ಬಂದರು. ದಾರಿ ತೋರಿಸಲು ಹಸನಸಾಬರೇ ಇದ್ದರು. ಯಾರು ಹೇಳಿ ಕಳಿಸಿದರೋ ತಿಳಿಯದು. ಹಸನಸಾಬರು ತುಸು ದೂರದಲ್ಲಿ ಬಿಸಿಲಲ್ಲೇ ನಿಂತರು.

ಗೌರಮ್ಮ ನನ್ನ ಮೂತಿಯೊಳಗೆ ಬಗ್ಗಿ ನೋಡಿದರು. ಸೀಟಿದ್ದ ಜಾಗವನ್ನು ಸೆರಗಿನಿಂದ ಒರೆಸಿದರು. ಒರೆಸಲು ಅಲ್ಲಿ ಏನೂ ಇರಲಿಲ್ಲ.

"ನೀವು ಖರೇ ಹೇಳಿದ್ರಿ ಅಂತ ಓದೀನಿ," ಎಂದರು, ತಿರುಗದೆಯೇ. "ಅದಕ್ಕ ನಿಮ್ಮ ಜೋಡಿ ಮಾತಾಡಾಕತ್ತೀನಿ. ಕ್ಷಮಾ ಮಾಡಾಕ ಬಂದಿಲ್ಲ. ಅದು ನನ್ನ ಕಡೆ ಆಗೂದಿಲ್ಲ."

"ಮಾಡಬ್ಯಾಡ್ರಿ ಅಮ್ಮಾರ," ಎಂದರು ಹಸನಸಾಬರು.

ಗೌರಮ್ಮ ಕೇಳಿದರು: "ಆವತ್ತ ಮುಂಜಾನೆ ಆಕಿ ಏನರ ತಿಂದಿದ್ಲೇನ್ರಿ? ಮನ್ಯಾಗಿದ್ರ ಹಂಗ ಓಡಿಹೋಗತಿದ್ಲು."

"ತಿಂದಿದ್ಲ್ರಿ. ಕ್ಯಾಂಟೀನಿನಾಗ ಅವಲಕ್ಕಿ. ಎರಡ ಸಲ ಹಾಕಿಸಿಕೊಂಡ್ಲು. ಶೇಂಗಾ ಕಡಿಮಿ ಹಾಕ್ಯಾರಂತ ಜಗಳಾ ತಗದ್ಲು."

ಗೌರಮ್ಮನ ಮುಖದಲ್ಲಿ ನಗುವಿನಂಥದೇನೋ ಬಂದು, ಅಲ್ಲೇ ಮುರಿಯಿತು. ನನ್ನ ರೆಕ್ಕೆಯ ನೆರಳಲ್ಲಿ ಕುಸಿದು ಕೂತರು. ದೊಡ್ಡ ದನಿಯಲ್ಲಿ, ತಡೆಯಿಲ್ಲದೆ ಅತ್ತರು. ಹಸನಸಾಬರು ಹತ್ತಿರ ಬರಲಿಲ್ಲ, ಹೊರಟೂ ಹೋಗಲಿಲ್ಲ. ನೆತ್ತಿಯ ಬಿಸಿಲಿನಲ್ಲಿ ನಿಂತೇ ಇದ್ದರು.

ನಾಳೆಯೋ ನಾಡಿದ್ದೋ ಗ್ಯಾಸ್ ಕಟ್ಟರು ಹಿಡಿದ ಜನ ಬರುತ್ತಾರೆ. ನನಗೆ ಭಯವಿಲ್ಲ. ನಾನು ಮೂವತ್ತೆಂಟು ವರ್ಷ ಬದುಕಿದೆ, ಅವಳು ಮೂವತ್ತನಾಲ್ಕು. ಭಾರ ಹೊರುವುದೇ ನನ್ನ ಜೀವನವಾಗಿತ್ತು, ಎಷ್ಟೋ ಟನ್ನು ಹೊತ್ತು ಇಳಿಸಿದ್ದೇನೆ. ಇಳಿಸಿದ ಮೇಲೆ ಹಗುರಾಗುವುದು ವಿಮಾನಕ್ಕಷ್ಟೇ ಸಾಧ್ಯ ಎಂದು ಆ ಮಧ್ಯಾಹ್ನ ತಿಳಿಯಿತು. ನಾಲ್ಕು ಗಂಟೆಯ ಬಸ್ಸಿಗೆಂದು ಗೌರಮ್ಮ ಎದ್ದು ಹೊರಟರು. ಹಸನಸಾಬರು ಹತ್ತು ಹೆಜ್ಜೆ ಹಿಂದೆ ನಡೆದರು, ಗೇಟಿನ ತನಕ.