ಕಾತ್ರಜ ಘಾಟಿನಲ್ಲಿ ಕಾಂತಪ್ಪ

ಕಾಂತಪ್ಪ ಮೋಟಾರನ್ನು ಹಿಂದಕ್ಕೆ ನಡೆಸುತ್ತಿರಲಿಲ್ಲ. ಬರುತ್ತಿರಲಿಲ್ಲವೆಂದಲ್ಲ, ಒಲ್ಲೆನೆನ್ನುತ್ತಿದ್ದ. ಪುಣೆಯ ರವಿವಾರ ಪೇಟೆಯ ಓಣಿಯಲ್ಲಿ ಎದುರಿಗೆ ಜೋಳದ ಚಕ್ಕಡಿ ಬಂದು ನಿಂತಿತೆಂದರೆ ಅವನು ಎಂಜಿನ್ ನಿಲ್ಲಿಸಿ, ಕೆಳಗಿಳಿದು, ಚಕ್ಕಡಿಯವನ ಊರು ಯಾವುದೆಂದು ವಿಚಾರಿಸಿ, ಎತ್ತು ಬಿಚ್ಚಿಸಿ, ಬಂಡಿಯನ್ನು ಕೈಯಾರೆ ಗೋಡೆಗೆ ಒತ್ತಿ ದಾರಿ ಮಾಡಿಕೊಳ್ಳುತ್ತಿದ್ದನೇ ಹೊರತು ಎರಡು ಮಾರು ಹಿಂದೆ ಸರಿಯುತ್ತಿರಲಿಲ್ಲ. "ಅರೇ, ಗಾಡಿ ಮಾಗ ಘೇ ನಾ!" ಎಂದು ಚೌಕಿನ ಪೋಲೀಸ, ಗಾಡಿ ಹಿಂದೆ ತೆಗೆಯೆಂದು, ಮರಾಠಿಯಲ್ಲಿ ಕೂಗಿ ಕೂಗಿ ಸೋತಿದ್ದ. ಟಾಂಗಾ ನಿಲ್ಲುವಲ್ಲಿ ಹಳೆಯ ಗೆಳೆಯರಿಗೆ ಇದೊಂದು ದಿನನಿತ್ಯದ ನಗೆ.

"ಕುದುರಿ ಬಿಟ್ಟು ಎಂಥಾ ಕಬ್ಬಿಣದ ಸೊಸಿ ತಂದೀಯೋ ಕಾಂತಪ್ಪಾ! ತವರಮನಿ ಕಡೆ ತಿರುಗೂದೇ ಇಲ್ಲಲ್ಲೋ!"

"ನಿನ್ನ ಕುದುರಿ ಕಡೆ ತುಂಬಿದ ಟಾಂಗಾ ಹಿಂದ ದಬ್ಬಿಸಿ ತೋರಸು. ಆಮ್ಯಾಲ ನನಗ ಹೇಳು" ಎನ್ನುತ್ತಿದ್ದ ಕಾಂತಪ್ಪ.

ಬಟ್ಟೆ ವ್ಯಾಪಾರಿ ಅಪ್ಪಾಸಾಹೇಬರು ವಿಜಾಪುರ ಸೀಮೆಯಿಂದ ಪುಣೆಗೆ ಬಂದು ಅಂಗಡಿ ತೆರೆದಾಗಿನಿಂದ, ಹದಿನೆಂಟು ವರ್ಷ, ಅವರ ಟಾಂಗಾ ಹೊಡೆದವನು ಅವನೇ. ಸಾವಿರದ ಒಂಬೈನೂರ ಇಪ್ಪತ್ತನಾಲ್ಕರಲ್ಲಿ ಸಾಹುಕಾರರು ಟಾಂಗಾ ಮಾರಿ ಕಪ್ಪು ಮೋಟಾರು ಕೊಂಡರು. ಜೊತೆಗೆ, ನಲವತ್ತು ದಾಟಿದ ಕಾಂತಪ್ಪನನ್ನು ಕ್ಯಾಂಪಿನ, ಎಂದರೆ ದಂಡಿನ ಪೇಟೆಯ, ಗ್ಯಾರೇಜಿಗೆ ಕಳಿಸಿ ಡ್ರೈವರನನ್ನಾಗಿ ಮಾಡಿಸಿದರು. ಕೈಯಲ್ಲಿ ಲಗಾಮು ಹೋಗಿ ಚಕ್ರ ಬಂತು, ಮೈ ಮಾತ್ರ ಬದಲಾಗಲಿಲ್ಲ. ನೆಲದ ಮೇಲೆ ನಡೆಯುವಾಗಲೂ ಎಡ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಕಾಣದ ಕುದುರೆಯೊಂದನ್ನು ಹಿಡಿದಿರುವಂತೆ ನಡೆಯುತ್ತಿದ್ದ. ಪಲ್ಟಣದ ಹರಾಜಿನಲ್ಲಿ ಸಿಕ್ಕ ಖಾಕಿ ಕೋಟು ಅವನಿಗೆ ಎರಡು ಅಳತೆ ದೊಡ್ಡದು. ತೋಳು ಮೂರು ಮಡಿಕೆ. ಅದರ ಬಲಜೇಬಿನಲ್ಲಿ ಕುದುರೆಗೆಂದು ಇಟ್ಟುಕೊಳ್ಳುತ್ತಿದ್ದ ಬೆಲ್ಲದ ಹರಳುಗಳನ್ನು ಈಗ ತಾನೇ ಚೀಪುತ್ತಿದ್ದ. ದಾರಿ ಏರುತ್ತಿದ್ದರೆ ನಡುವೆ ನಿಲ್ಲಿಸಿ, "ತಡೀರಿ, ಉಸರು ತಗೊಳ್ಳಲಿ" ಎನ್ನುವನು. ಉಸಿರು ತೆಗೆದುಕೊಳ್ಳಬೇಕಾದದ್ದು ಮೋಟಾರು.

ಹಿಂದೆ ಸರಿಯದಿರುವುದಕ್ಕೂ ಅವನಿಗೊಂದು ಕಾರಣವಿತ್ತು. ಬೋಹ್ರಾ ಓಣಿಯಲ್ಲಿ ಯಾರೋ ಒಬ್ಬ ಟಾಂಗಾದವನು ಅವಸರಕ್ಕೆ ಕುದುರೆಯನ್ನು ಹಿಂದೆ ದಬ್ಬಿದ್ದ. ಹಿಂಗಾಲು ಗಟಾರಕ್ಕೆ ಸಿಕ್ಕು ಮುರಿದಿತ್ತು. ಅದನ್ನು ಕಣ್ಣಾರೆ ಕಂಡಿದ್ದ ಕಾಂತಪ್ಪ ಹೇಳುತ್ತಿದ್ದ: "ಹಿಂದ ಏನದ ಅಂತ ಅದಕ್ಕ ಕಾಣ್ಸೂದಿಲ್ಲ. ಕಾಣದಲ್ಲೆ ಕಾಲಿಡು ಅನ್ನೂದು ಪಾಪ ಅದ." ಯಂತ್ರಕ್ಕೆ ಕಾಲಿಲ್ಲ, ಕಣ್ಣಂತೂ ಮೊದಲೇ ಇಲ್ಲ ಎಂದು ಅವನಿಗೆ ತಿಳಿಹೇಳಲು ಯಾರಿಂದಲೂ ಆಗಲಿಲ್ಲ.

ಈ ಮೋಟಾರು ಸಾಹುಕಾರರ ಮನೆಯವರ ದಿನಗಳನ್ನೇ ಬೇರೆಯಾಗಿ ಹೊಲಿದಿತ್ತು. ಮನೆಯಾಕೆ ಪಾರವ್ವ ಸೋಮವಾರ ಪರ್ವತಿಯ ಗುಡಿಗೆ ಹೋಗಿ ಅಡಿಗೆಯ ಹೊತ್ತಿಗೆ ಮರಳುವಂತಾದಳು. ಟಾಂಗಾ ಅರ್ಧ ದಿನದಲ್ಲಿ ಮುಟ್ಟದ ಊರಿಗೆ ಹೆಣ್ಣು ಕೊಡುವುದಿಲ್ಲವೆನ್ನುತ್ತಿದ್ದ ಅಪ್ಪಾಸಾಹೇಬರು, ಒಬ್ಬಳೇ ಮಗಳು ಇಂದೂಳನ್ನು ಮೂವತ್ತು ಮೈಲಿ ದೂರದ ಶಿರವಳಕ್ಕೆ, ನೀರಾ ನದಿಯ ದಂಡೆಗೆ ಕೊಟ್ಟರು. "ಎಷ್ಟರ ದೂರ? ಕಾಂತಪ್ಪ ಎರಡು ತಾಸಿನ್ಯಾಗ ಕರಕೊಂಡು ಬರ್ತಾನ" ಎಂಬುದೇ ಆ ಸಂಬಂಧಕ್ಕೆ ಅವರು ಕೊಟ್ಟ ಸಮಾಧಾನ.

ಮೋಟಾರು ಬಂದ ಐದನೆಯ ವರ್ಷ ಇಂದೂ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಇಂದೂಳನ್ನು ಕರೆತರಲು ಪಾರವ್ವ ಹೊರಟದ್ದು ತಡವಾಗಿ. ಅಮಾವಾಸ್ಯೆ ಕಳೆಯಲಿ, ಪಾಡ್ಯ ಕಳೆಯಲಿ ಎಂದು ಬೀಗಿತ್ತಿ ತಡೆದು ತಡೆದು ಒಂಬತ್ತು ತಿಂಗಳು ತುಂಬಿದ್ದವು. ಅಂದು ಮಧ್ಯಾಹ್ನ ಉಡಿ ತುಂಬಿಸಿಕೊಂಡ ಇಂದೂ ಮೋಟಾರು ಹತ್ತಿದಳು. ಗಂಡನ ಮನೆಯ ಓಣಿ ಮುಂದೆ ಹೊಳೆಗೆ ಇಳಿಯುತ್ತದೆ. ಹೆದ್ದಾರಿಗೆ ಬರಲು ಇನ್ನೂರು ಹೆಜ್ಜೆ ಹಿಂದೆ ಸರಿದಿದ್ದರೆ ಸಾಕಿತ್ತು. ಕಾಂತಪ್ಪ ಸರಿಯಲಿಲ್ಲ. ಹೊಳೆಯ ದಂಡೆಗುಂಟ ಸುತ್ತಿ ಹೋಗುತ್ತೇನೆಂದು ಮುಂದೆ ಬಿಟ್ಟ. ಉಸುಕಿನಲ್ಲಿ ಗಾಲಿ ಹೂತು, ಎಂಜಿನ್ ಅರ್ಧ ತಾಸು ಒದರಿ, ಕೊನೆಗೆ ಮೀನುಗಾರರು ದಬ್ಬಿದ ಮೇಲೆ ದಾರಿ ಸೇರಿದರು. ಶಿರವಳದಲ್ಲಿ ಪೆಟ್ರೋಲು ಸಿಗುತ್ತಿರಲಿಲ್ಲ.

ಖೇಡ್ ಶಿವಾಪುರ ದಾಟುವಾಗ ಇಂದೂಳಿಗೆ ಬೇನೆ ಶುರುವಾಯಿತು. ಪಾರವ್ವ ಹೊಟ್ಟೆಯ ಮೇಲೆ ಕೈಯಾಡಿಸಿದಳು. ಕೂಸು ಅಡ್ಡ ಇರುವುದು ಹತ್ತಾರು ಹೆರಿಗೆ ಮಾಡಿಸಿದ ಆ ಕೈಗೆ ತಿಳಿದಿತ್ತು. ಇದು ಮನೆಯ ಹೆರಿಗೆಯಲ್ಲ, ಕ್ಯಾಂಪಿನ ಆಸ್ಪತ್ರೆ ಮುಟ್ಟಲೇಬೇಕು. ನಡುವೆ ಕಾತ್ರಜ ಘಾಟು. ಏರಿನ ಎರಡನೆಯ ತಿರುವಿನಲ್ಲಿ ಮೋಟಾರು ಕೆಮ್ಮಿ ನಿಂತಿತು. ಪಾರವ್ವ ಇಳಿದು ಗಾಲಿಗೆ ಕಲ್ಲು ಕೊಟ್ಟಳು.

"ಯಾಕೋ ಕಾಂತಪ್ಪ, ಏನಾತು?"

"ಪೆಟ್ರೋಲ್ ಎಣ್ಣಿ ತಳಕ್ಕ ಕುಂತದ್ರಿ ಅವ್ವಾರ. ಎಣ್ಣಿ ಡಬ್ಬಿ ಸೀಟಿನ ಬುಡಕ ಅದ. ಗಾಡಿ ಮೂತಿ ಮ್ಯಾಲಾತಂದ್ರ ಎಂಜಿನ್ ತನಕ ಎಣ್ಣಿ ಹರಿಯಂಗಿಲ್ಲ."

"ಹಂಗಾದ್ರ ಏನು ಮಾಡೂದು?"

ಏನು ಮಾಡಬೇಕೆಂಬುದು ಅವನಿಗೆ ಗೊತ್ತಿತ್ತು. ಗ್ಯಾರೇಜಿನಲ್ಲಿ ಕಲಿಸಿದ ಮಂಗಳೂರು ಕಡೆಯ ಸದಾನಂದ ಮೊದಲ ವಾರವೇ ಹೇಳಿದ್ದ: "ಎಣ್ಣೆ ಕಡಿಮೆ ಇದ್ದರೆ ಘಾಟಿಯನ್ನು ಹಿಮ್ಮುಖ ಹತ್ತಬೇಕು ಮಾರಾಯ. ಆಗ ಡಬ್ಬಿ ಮೇಲೆ, ಎಂಜಿನ್ ಕೆಳಗೆ." ಆ ಪಾಠದ ದಿನ ಕಾಂತಪ್ಪ ಎದ್ದು ಹೋಗಿ ಗ್ಯಾರೇಜಿನ ಹೊರಗೆ ಬೀಡಿ ಸೇದಿದ್ದ.

ಈಗ ಅವನು ಗಾಲಿಯನ್ನು ನೋಡಿದ, ಪಕ್ಕದ ಕಣಿವೆಯನ್ನು ನೋಡಿದ, ಕೋಟು ಬಿಚ್ಚಿ ಇಂದೂಳ ತಲೆಯ ಬುಡಕ್ಕೆ ಇಟ್ಟ.

"ಇಂದವ್ವ, ನಾ ಗಾಡಿ ಹಿಂದಮುಂದ ಮಾಡಿ ಹತ್ತಸ್ತೀನಿ. ಹಿಂದ ಕಾಣಬೇಕಂದ್ರ ಗಾಡಿ ಮ್ಯಾಲಿನ ಕೊಡಿ ಮಡಚಬೇಕಾಗ್ತದ, ಬಿಸಲ ಬೀಳ್ತದ. ಹೆದರಬ್ಯಾಡ."

"ನೀ ಹೆದರೀಯೇನು ಕಾಕಾ?"

"ಭಾಳ ಹೆದರೀನಿ" ಎಂದ ಕಾಂತಪ್ಪ.

ತಿರುವಿನ ಅಗಲದಲ್ಲಿ ಮೋಟಾರನ್ನು ಹೊರಳಿಸಿ, ಮೂತಿಯನ್ನು ಶಿವಾಪುರದ ಕಡೆಗೆ ಮಾಡಿ, ಅವನು ಕುತ್ತಿಗೆ ತಿರುಗಿಸಿ ಕುಳಿತು ಹಿಮ್ಮುಖವಾಗಿ ಏರತೊಡಗಿದ. ಆಗಲೇ ಇಂದೂಳಿಗೆ ಒಂದು ಹೊಳೆಯಿತು. ಹುಟ್ಟಿದಾಗಿನಿಂದ ಈ ಮನುಷ್ಯನ ಗಾಡಿಯಲ್ಲಿ ಓಡಾಡಿದ್ದಾಳೆ, ಶಾಲೆಗೆ, ಮದುವೆಗೆ, ಜಾತ್ರೆಗೆ. ಗಾಡಿ ನಡೆಸುವಾಗಿನ ಅವನ ಮುಖವನ್ನು ಒಮ್ಮೆಯೂ ಕಂಡಿಲ್ಲ. ಕಂಡದ್ದು ಬೆನ್ನು ಮಾತ್ರ. ಈಗ ಆ ಮುಖ ಎರಡು ಮೊಳದಾಚೆ, ಅವಳಿಗೆ ಎದುರಾಗಿ, ಅವಳ ತಲೆಯ ಮೇಲಿಂದ ದಾರಿಯನ್ನು ನೋಡುತ್ತಿತ್ತು. ಹುಬ್ಬಿನಿಂದ ಬೆವರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು, ಮೋಟಾರಿಗೆ ಏನೋ ಹೇಳುತ್ತ, ಬೇಡಿಕೊಳ್ಳುತ್ತ. ಬೇನೆ ಬಂದು ಅವಳು ನರಳಿದಾಗಲೆಲ್ಲ ಆ ಕಣ್ಣು ರಸ್ತೆ ಬಿಟ್ಟು ಒಂದು ಎವೆಯಷ್ಟು ಹೊತ್ತು ಅವಳ ಮೇಲೆ ಇಳಿದು, ಮತ್ತೆ ರಸ್ತೆಗೆ ಏರುತ್ತಿತ್ತು. ಉಸಿರು ತೆಗೆದುಕೊಳ್ಳಲು ಅವನು ಮೋಟಾರಿಗೆ ಅಂದು ಒಮ್ಮೆಯೂ ಬಿಡಲಿಲ್ಲ. ಎದುರು ಬಂದ ಚಕ್ಕಡಿಯವರು ಬೆಪ್ಪಾಗಿ ಬದಿಗೆ ಸರಿದು ನಿಂತರು. ಘಾಟಿನ ನೆತ್ತಿಯಲ್ಲಿರುವ ಸುರಂಗದ ಬಾಯಿ ಮುಟ್ಟಿದಾಗ ಪಾರವ್ವ ಅಳುತ್ತಿದ್ದಳು, ಇಂದೂ ಅಳುತ್ತಿರಲಿಲ್ಲ.

ಅಲ್ಲಿ ಮತ್ತೆ ಮೂತಿ ತಿರುಗಿಸಿದ. ಮುಂದೆ ಇಳಿಜಾರು, ಉಳಿದ ಎಣ್ಣೆ ಕ್ಯಾಂಪಿನವರೆಗೆ ಬಂತು. ಡಾಕ್ಟರಿಣಿ ಕೂಸನ್ನು ತಿರುಗಿಸಿ ತೆಗೆದಳು. ಹೆಣ್ಣು. ಇಬ್ಬರೂ ಉಳಿದರು.

ಅಪ್ಪಾಸಾಹೇಬರು ಆಸ್ಪತ್ರೆಯ ಅಂಗಳದಲ್ಲಿ ಕಾಂತಪ್ಪನ ಎರಡೂ ಕೈ ಹಿಡಿದರು. ಅವನು ಬಿಡಿಸಿಕೊಂಡ.

"ನನ್ನ ಹೊಗಳಬ್ಯಾಡ್ರಿ ಸಾವಕಾರ್ರ. ಶಿರವಳದಾಗ ಇನ್ನೂರು ಹೆಜ್ಜಿ ಹಿಂದ ಸರದಿದ್ರ ಎಣ್ಣಿ ಕಡಿಮಿನೇ ಬೀಳ್ತಿದ್ದಿಲ್ಲ. ತಪ್ಪು ನಂದದ. ನಾಳಿಂದ ಬ್ಯಾರೆ ಡ್ರೈವರನ್ನ ನೋಡ್ರಿ."

ಅಪ್ಪಾಸಾಹೇಬರು ಅಂಗಳದ ಕಟ್ಟೆಯ ಮೇಲೆ ಕುಳಿತರು. ಆಮೇಲೆ, "ತಪ್ಪು ಮಾಡಿದ್ದು ಯಾರ ಮುಂದರ ಹೇಳೀಯೇನು?" ಎಂದು ಕೇಳಿದರು.

"ಇಂದವ್ವಗ ಹೇಳೀನ್ರಿ. ಮೊದಲ ಆಕಿಗೇ ಹೇಳೀನಿ."

"ಆಕಿ ಏನಂದ್ಲು?"

"ಕೂಸಿನ್ನ ಎತ್ತಿಕೋ ಕಾಕಾ ಅಂದ್ಲು."

"ಹಂಗಾದ್ರ ನಾನೇನು ಹೇಳ್ಲಿ? ಹೋಗು, ಎಣ್ಣಿ ಹಾಕಿಸಿಕೊಂಡು ಬಾ."

ಮುಂದೆ ಹನ್ನೆರಡು ವರ್ಷ ಅವನೇ ನಡೆಸಿದ, ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಕೂಪನ್ ಬಂದು ಮೋಟಾರು ಕೊಟ್ಟಿಗೆ ಸೇರುವವರೆಗೆ. ಹಿಂದೆ ಸರಿಯಬೇಕಾದಾಗ ಸರಿಯುತ್ತಿದ್ದ. ಆದರೆ ಪ್ರತಿ ಸಲವೂ ಮೊದಲು ಇಳಿದು, ಹಿಂದೆ ಹೋಗಿ, ಬಾಗಿ ನೆಲ ನೋಡಿ ಬರುತ್ತಿದ್ದ. ಇಂದೂಳಿಗೂ ಒಂದು ರೂಢಿ ಹತ್ತಿತು. ಟಾಂಗಾ ಇರಲಿ, ಬಸ್ಸು ಇರಲಿ, ಇಳಿದ ಮೇಲೆ ಮುಂದಕ್ಕೆ ಹೋಗಿ ನಡೆಸಿದವನ ಮುಖವನ್ನೊಮ್ಮೆ ನೋಡಿ, "ಬರ್ತೀನ್ರಿ" ಎಂದು ಹೇಳಿಯೇ ಹೋಗುವಳು. ಹಲವರು ಗಾಬರಿಯಾಗುತ್ತಿದ್ದರು, ಯಾರೂ ಅವರಿಗೆ ಹಾಗೆ ಹೇಳಿಹೋಗುತ್ತಿರಲಿಲ್ಲ.

ದೂರವನ್ನು ಹತ್ತಿರ ಮಾಡಿದ್ದು ಎಂಜಿನ್ನು ಎಂದು ನಾವು ಹೇಳುತ್ತೇವೆ, ಅದು ಸುಳ್ಳೂ ಅಲ್ಲ. ಆದರೆ ಮೊದಲ ಮೋಟಾರುಗಳನ್ನು ನಡೆಸಿದವರು ಹೆಚ್ಚಿನಂಶ ಕುದುರೆಯ ಬೆನ್ನು ತಿಕ್ಕಿ ಬಂದ ಜನ. ದಣಿವು ಎಂದರೇನೆಂದು ಬಲ್ಲ, ಇನ್ನೊಂದು ಜೀವದ ಸಲುವಾಗಿ ತಾವು ಹೆದರಬಲ್ಲ ಜನ. ಯಂತ್ರಕ್ಕೆ ಅನವಶ್ಯಕವಾದ ಆ ಕರುಣೆಯಿಂದ ಅವರು ತಪ್ಪು ಮಾಡಿದ್ದುಂಟು. ಹಿಂದಿನ ಸೀಟಿನಲ್ಲಿ ನಿಶ್ಚಿಂತೆಯಾಗಿ ಕುಳಿತಿದ್ದ ನಮ್ಮನ್ನು ಊರಿಂದೂರಿಗೆ ಮುಟ್ಟಿಸಿದ್ದೂ ಅದೇ ಕರುಣೆ.