ಗ್ಯಾಲರಿ ಮೆಟ್ಟಿಲಿನ ಕಮಾನು

ಕಮಾನಿಗೆ ಇಟ್ಟಿಗೆ ತುಂಬಿ ಮುಚ್ಚಬೇಕೆಂದು ಇಂಜಿನಿಯರ್ ಹೇಳಿದಾಗ ಸೋದರಮಾವ "ಆಗ್ಲಿ ಸರ್" ಎಂದುಬಿಟ್ಟ. ಹುಡುಗಿಗೆ ಮೈಯೆಲ್ಲ ಉರಿದುಹೋಯಿತು. ಗಾರೆಯ ಬಾಂಡ್ಲಿಯನ್ನು ಕುಕ್ಕಿದಳೇ ಹೊರತು ತುಟಿ ಬಿಚ್ಚಲಿಲ್ಲ. ಕೆಲಸದವರೆಲ್ಲ ಅವಳನ್ನು ಮೌನಗೌರಿ ಎಂದೇ ಕರೆಯುತ್ತಿದ್ದರು.

ಪೇಟೆ ನಡುವಿನ ಆ ಹಳೆಯ ನಾಟಕಶಾಲೆಗೆ ಮುಂದೆ ಅಮೃತಶಿಲೆಯ ಮೆಟ್ಟಿಲು, ದಪ್ಪ ಕಂಬಗಳು, ಚಾವಣಿಯ ತುಂಬ ಗಾರೆಯ ಹೂಬಳ್ಳಿ. ಅದೆಲ್ಲ ಕೆಳಗೆ ಕೂರುವವರಿಗೆ. ಅಗ್ಗದ ಗ್ಯಾಲರಿಯವರಿಗೆ ಪಕ್ಕದ ಓಣಿಯಲ್ಲೊಂದು ಬಾಗಿಲು, ಒಬ್ಬರಿಗೊಬ್ಬರು ಎದುರಾದರೆ ಗೋಡೆಗೆ ಅಂಟಿಕೊಳ್ಳಬೇಕಾದ ಮೆಟ್ಟಿಲು. ಬೆವರಿನವರು ಸೆಂಟಿನವರ ಕಣ್ಣಿಗೆ ಬೀಳದಿರಲೆಂದು ನಡುವೆ ಗೋಡೆ ಎಬ್ಬಿಸಿದ್ದರು. ಒಮ್ಮೆ ನಾಟಕದ ಮಧ್ಯೆ ಪರದೆಗೆ ದೀಪ ತಗುಲಿತು. ಮೇಲಿದ್ದವರೆಲ್ಲ ಒಟ್ಟಿಗೆ ಇಳಿದರು. ಓಣಿಯ ಬಾಗಿಲು ಒಳಕ್ಕೆ ತೆರೆಯುವಂಥದ್ದು. ಜನ ಒತ್ತಿದಷ್ಟೂ ಮುಚ್ಚಿಕೊಂಡಿತು. ಅಂಗಳದಲ್ಲಿ ಕಲ್ಲು ಕೂರಿಸುತ್ತಿದ್ದ ಅವಳ ತಾತ ಹಾರೆ ಹಿಡಿದು ಓಡಿ ಬಂದು ನಡುಗೋಡೆ ಒಡೆದ. ಬಹಳ ಜನ ಹೊರಗೆ ಬಂದರು. ತಾತನ ತಂಗಿ ಬರಲಿಲ್ಲ. ಆ ತೂತನ್ನೇ ತಾತ ಆಮೇಲೆ ಕಮಾನು ಮಾಡಿದ್ದ.

"ಬೆಂಕಿ ವಿಷ್ಯ ಗೊತ್ತು ಮೇಸ್ತ್ರಿ, ಪಾಪ," ಎಂದಿದ್ದ ಇಂಜಿನಿಯರ್. "ಆದ್ರೆ ನಾಟಕಶಾಲೆನ ಮೊದಲಿದ್ದ ಹಾಗೇ ರಿಪೇರಿ ಮಾಡ್ಬೇಕು, ಮೂಲ ನಕ್ಷೆಯಲ್ಲಿ ಈ ಕಮಾನಿಲ್ಲ. ಗ್ಯಾಲರಿ ಟಿಕೆಟ್ಟೂ ಮತ್ತೆ ಕೊಡ್ತಾರಂತೆ, ಅದೇ ಓಣಿ ಬಾಗಿಲಿಂದ. ಹಳೇ ಕಾಲದ ಮಜಾ!"

ಮಜಾ. ಆ ಮಾತನ್ನೇ ನೆನೆಯುತ್ತ ಅವಳು ಇಟ್ಟಿಗೆ ಪೇರಿಸಿದಳು.

ಮಾವ ಸಾಲಿನ ಮೇಲೆ ಸಾಲು ಇಡುತ್ತ ಹೋದ. ಇಟ್ಟಿಗೆ ಎತ್ತಿಕೊಡುತ್ತಿದ್ದ ಅವಳ ಕಣ್ಣು ಅಂಚಿಗೆ ಹೋಯಿತು. ಹಳೆಯ ಗೋಡೆಗೆ ಹೊಸದನ್ನು ಸೇರಿಸುವಾಗ ಹಳೆಯದರಲ್ಲಿ ಹಲ್ಲು ಕಡಿದು, ಇಟ್ಟಿಗೆಯ ತುದಿಯನ್ನು ಒಳಗೆ ತೂರಿಸಬೇಕು. ಹಾಗಿದ್ದರೇ ಹಿಡಿತ. ಮಾವ ಒಂದು ಹಲ್ಲನ್ನೂ ಕಡಿದಿರಲಿಲ್ಲ.

"ಮಾವ, ಹಲ್ಲು?"

"ಶ್! ಮೆಲ್ಲಗೆ," ಮಾವ ಕಣ್ಣು ಮಿಟುಕಿಸಿದ. "ಮೇಲೆ ಗಾರೆ ಬಳಿದ್ರೆ ಯಾರಪ್ಪನಿಗೂ ಗೊತ್ತಾಗಲ್ಲ. ಹೊತ್ತು ಬಂದ್ರೆ ಒಂದೇ ಒದೆತಕ್ಕೆ ಬೀಳುತ್ತೆ. ನಮ್ಮಪ್ಪನಿಗೆ ಮೋಸ ಮಾಡ್ತೀನಾ ನಾನು?"

ಅವನ ಮುಖದ ತುಂಬ ಗೆದ್ದವನ ನಗು. ಅದನ್ನು ಕಂಡು ಅವಳ ಸಿಟ್ಟು ನೆತ್ತಿಗೇರಿತು.

"ಎಲ್ಲಿ ಒದೀಬೇಕು ಅಂತ ಅವರಿಗೆ ಹೇಳೋರ್ಯಾರು? ಹೊಗೆಯೊಳಗೆ ನೀನು ಬಂದು ಕಣ್ಣು ಹೊಡೀತೀಯಾ?"

ಮಾವನ ಕೈಯ ಕರಣೆ ನಿಂತಿತು. ಅವಳು ಹಿಂದೆ ಸರಿದು, ಬಲ ಕೂಡಿಸಿ, ಗೋಡೆಯ ನಡುವಿಗೆ ಒದ್ದಳು. ಹಸಿ ಗಾರೆ ಬಾಯಿ ಬಿಟ್ಟಿತು. ಆಗತಾನೇ ಹೊಳಪು ಕೊಟ್ಟ ಅಮೃತಶಿಲೆಯ ಮೇಲೆ ಇಟ್ಟಿಗೆಗಳು ದಡದಡ ಉರುಳಿದವು.

"ಯಾರ್ರೀ ಅದು?" ಇಂಜಿನಿಯರ್ ಓಡಿ ಬಂದ.

ಬೇರೆ ದಿನವಾಗಿದ್ದರೆ ಮಾವನ ಬೆನ್ನ ಹಿಂದೆ ಅಡಗುತ್ತಿದ್ದಳು. "ನಾನೇ. ಕಟ್ಟಿಸಿ, ಮತ್ತೆ ಒದೀತೀನಿ."

"ಮೇಸ್ತ್ರಿ, ನಾಳೆಯಿಂದ ಇಬ್ಬರೂ ಈ ಕಡೆ ತಲೆ ಹಾಕ್ಬೇಡಿ!"

ಮಾವ ಕರಣೆ ತೊಳೆದು ಚೀಲಕ್ಕೆ ಹಾಕಿದ. ಕಮಾನಿನ ಮೂಲಕವೇ ಹೊರಗೆ ಬಂದರು.

"ಅನ್ನಕ್ಕೆ ಕಲ್ಲು ಹಾಕ್ದೆ ಕಣೇ. ನಾಳೆ ಬೇರೆಯವನು ಬಂದು ಹಲ್ಲು ಕಡಿದೇ ಕಟ್ತಾನೆ."

"ಕಟ್ಲಿ. ಆಟದ ದಿನ ಓಣಿ ಬಾಗಿಲಲ್ಲಿ ನಿಂತು, ಹತ್ತೋಕೆ ಬಂದವರಿಗೆಲ್ಲ ಬೆಂಕಿ ಬಿದ್ರೆ ಹೊರಗೆ ದಾರಿಯಿಲ್ಲ ಅಂತ ಹೇಳ್ತೀನಿ."

"ನೀನಾ? ಬಾಯಿಬಿಟ್ಟು?"

"ಈಗೇನು ಮಾಡ್ದೆ ಮತ್ತೆ?" ಎಂದು ಅವಳು ಓಣಿಯ ಕಡೆ ತಿರುಗಿದಳು.